ಕೋಳಿಗೆ ಮೀನಿನ ಕರುಳು

ನಾನು ಮದುವೆಯಾಗಿ ಕಕ್ಕೇರಾದ ಆಚೆ, ಕೃಷ್ಣೆಯ ದಂಡೆಯ ಹಳ್ಳಿಗೆ ಬಂದದ್ದು ಹೈದರಾಬಾದಿನ ಆಳ್ವಿಕೆ ಮುಗಿದು ನಮ್ಮ ಸೀಮೆ ಹಿಂದುಸ್ತಾನಕ್ಕೆ ಸೇರಿದ ಹೊಸದರಲ್ಲಿ. ಅಪ್ಪನಿಗೆ ಸುರಪುರದ ಕಚೇರಿಯಲ್ಲಿ ಸಣ್ಣ ನೌಕರಿ. ತವರಲ್ಲಿ ಕೋಳಿ ತಿನ್ನುತ್ತಿದ್ದೆವೇ ಹೊರತು ಸಾಕಿರಲಿಲ್ಲ. ಗಂಡನ ಮನೆಯ ಹಿತ್ತಲಲ್ಲಿ ಕಾಲಿಟ್ಟಲ್ಲೆಲ್ಲ ಕೋಳಿ, ಕೋಳಿಯ ಹಿಕ್ಕೆ.

ಮಳೆಗಾಲದಲ್ಲಿ ಅವು ತಮ್ಮ ಹೊಟ್ಟೆ ತಾವೇ ನೋಡಿಕೊಳ್ಳುತ್ತಿದ್ದವು. ಚಳಿ ಬಿದ್ದು ನೆಲ ಒಣಗಿದ ಮೇಲೆ ಎಷ್ಟು ಕೆದಕಿದರೂ ಒಂದು ಹುಳ ಸಿಗುತ್ತಿರಲಿಲ್ಲ. ಹೊಳೆ ಕಡೆಯಿಂದ ಬೀಸುವ ಗಾಳಿಗೆ ಪುಕ್ಕ ಉಬ್ಬಿಸಿಕೊಂಡು ಗೋಡೆಗೆ ಒತ್ತಿ ನಿಲ್ಲುತ್ತಿದ್ದವು. ಜೋಳ ಮನುಷ್ಯರಿಗೇ ಸಾಲದು. ಹಾಗಾಗಿ ಮಾವ ಹಿಡಿದು ತಂದ ಮೀನುಗಳ ಕರುಳನ್ನು ಅತ್ತೆ ಒಂದು ಒಡಕು ಗಡಿಗೆಯಲ್ಲಿ ಕೂಡಿಡುತ್ತಿದ್ದರು. ಸ್ವಲ್ಪವನ್ನು ಜೋಳದ ತೌಡು, ಅರಿಶಿಣ ಹಾಕಿ ಕುದಿಸುವುದು. ಉಳಿದದ್ದನ್ನು ಸಗಣಿ ಬೆರೆಸಿ, ಹುಳ ಬೀಳಲಿ ಎಂದು ಬಿಸಿಲಿಗೆ ಇಡುವುದು.

ಆ ಕೆಲಸ ನನ್ನ ಪಾಲಿಗೆ ಬಂತು. ಗಡಿಗೆಯ ಮುಚ್ಚಳ ತೆಗೆದರೆ ಬಿಳಿ ಹುಳಗಳು ಕುದಿಯುವ ಅನ್ನದ ಹಾಗೆ ಮಿಸುಕಾಡುತ್ತಿದ್ದವು. ಮೊದಲ ದಿನ ಅಲ್ಲೇ ವಾಂತಿ ಮಾಡಿಕೊಂಡೆ. ಕೋಳಿಗಳು ಓಡಿ ಬಂದು ಅದನ್ನೂ ತಿಂದವು. ಅತ್ತೆ ನಕ್ಕರು.

"ಹುಳ ತಿಂದ್ರ ಮೈಯಾಗ ಕಾವು ಇರತದವ್ವ. ಇಲ್ಲಂದ್ರ ಥಂಡಿಗೆ ಒಂದೊಂದೇ ಉರುಳತಾವ."

"ನನ್ನ ಕೈಲಿ ಆಗಂಗಿಲ್ರಿ ಅತ್ತಿ. ನಾತ ಕೂದಲಕ್ಕೂ ಹತ್ಯಾದ."

"ಆಗತದ, ಬಿಡು. ನಾನೂ ಬಂದ ಹೊಸದಾಗ ಹಿಂಗ ಮಾಡೀನಿ."

ಆಗಲಿಲ್ಲ. ಬೂದಿ ಹಾಕಿ ಉಜ್ಜಿದರೂ ಉಗುರಿನ ಸಂದಿಯ ನಾತ ಹೋಗುತ್ತಿರಲಿಲ್ಲ. ರೊಟ್ಟಿ ಮುರಿದು ಬಾಯಿಗೆ ಇಡುವಾಗ ಅದೇ ಮೂಗಿಗೆ ಬಡಿಯುತ್ತಿತ್ತು. ಗಂಡ ಹತ್ತಿರ ಬಂದರೆ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದೆ. ಕೋಳಿಗಳು ಮಾತ್ರ ಮೈತುಂಬಿಕೊಂಡವು. ಅತ್ತೆ ಮೊಟ್ಟೆಗಳನ್ನು ಕಕ್ಕೇರಾದ ಸಂತೆಗೆ ಒಯ್ದು ಉಪ್ಪು, ಎಣ್ಣೆ ತರುತ್ತಿದ್ದರು.

ಒಂದು ಮುಂಜಾನೆ ನಾನು ಕರುಳು ಕಲಸುತ್ತ ಕೂತಿದ್ದಾಗ ಸುರಪುರದ ಕಚೇರಿಯ ಜವಾನನೊಬ್ಬ ಬಂದ. ಹಿಂದಿನ ಸರ್ಕಾರದಲ್ಲಿ ಸಾಹೇಬರ ಮೊಕ್ಕಾಂ ಬಿದ್ದಾಗೆಲ್ಲ ಊರ ಕೋಳಿಗಳನ್ನು ಬಿಟ್ಟಿಯಾಗಿ ಎತ್ತಿಕೊಂಡು ಹೋಗುತ್ತಿದ್ದವನು ಇವನೇ. ಈಗ ತಲೆಯ ಮೇಲೆ ಹೊಸ ಬಿಳಿ ಟೋಪಿ ಬಂದಿತ್ತು.

"ಹೊಸ ಸಾಹೇಬ್ರು ಬಂದಾರ. ಎರಡು ಛಲೋ ಕೋಳಿ ಹಿಡ್ದು ಕೊಡ್ರಿ," ಎಂದ.

"ರಾಜ್ಯ ಬದಲಾಗ್ಯಾದಲ್ರಿ. ಇನ್ನ ಬಿಟ್ಟಿ ಇಲ್ಲಂತ ನೀವ ಡಂಗುರ ಸಾರಿದ್ರಿ," ಅತ್ತೆ ಅಂದರು.

"ರಾಜ್ಯ ಬದಲಾದ್ರ ಸಾಹೇಬ್ರಿಗೆ ಹಸಿವು ಆಗಂಗಿಲ್ಲೇನು?"

ಅವನೇ ಬಗ್ಗಿ ಒಂದು ಕೆಂಪು ಹ್ಯಾಟೆ ಕೋಳಿಯನ್ನು ಹಿಡಿದು ಬಗಲಿಗೆ ಸಿಕ್ಕಿಸಿಕೊಂಡ. ಆಗ ನನ್ನ ಮೇಲೆ ಅವನ ಕಣ್ಣು ಬಿತ್ತು.

"ನೀ ನಮ್ಮ ಕಚೇರಿಯವರ ಮಗಳಲ್ಲೇನವ್ವ? ನಿಮ್ಮತ್ತಿಗೆ ತಿಳಿಸಿ ಹೇಳು. ನಿಮ್ಮಪ್ಪನ ಮನಿಗೆ ಇಂಥ ಕೋಳಿ ನಾನೇ ಎಷ್ಟು ಸಲ ಮುಟ್ಟಿಸೀನಿ. ಈ ಊರಿಂದಾನೂ ಒಯ್ದೀನಿ."

ಹುಳದ ಗಡಿಗೆ ನೋಡಿದಾಗಲೂ ಬಾರದಷ್ಟು ಹೇಸಿಕೆ ಬಂತು. ಹಬ್ಬದ ಮರುದಿನ ಅಪ್ಪ ಎಲುಬು ಚೀಪುತ್ತ, "ತಿನ್ನು ಮಗಳ," ಎಂದು ನನ್ನ ತಾಟಿಗೆ ತೊಡೆಯ ತುಂಡು ಹಾಕುತ್ತಿದ್ದುದು ಕಣ್ಣಿಗೆ ಕಟ್ಟಿತು. ಯಾವಳೋ ಒಬ್ಬಳು ನನ್ನ ಹಾಗೆಯೇ ಮೂಗು ಮುಚ್ಚಿಕೊಂಡು, ಇದೇ ಹೊಲಸು ಕಲಸಿ ಚಳಿ ದಾಟಿಸಿದ ಕೋಳಿ ಅದು. ಅತ್ತೆಯ ಮುಖ ನೋಡಲಾಗಲಿಲ್ಲ.

ಎದ್ದವಳೇ, ಮೊಣಕೈವರೆಗೆ ಲೋಳೆಯಾಗಿದ್ದ ಕೈಯನ್ನು ಅವನ ಬಗಲಿಗೆ ಹಾಕಿ ಹ್ಯಾಟೆಯನ್ನು ಎಳೆದುಕೊಂಡೆ. ಅವನ ಅಂಗಿಯ ಮೇಲೆ ಕರುಳಿನ ಎಳೆಯೊಂದು ಇಳಿಬಿತ್ತು. ತೋಳಿನ ಮೇಲೆ ಹುಳ ಹರಿದವು.

"ಥೂ! ಥೂ! ಏನ್ ಹೆಂಗಸವ್ವ ನೀ!"

"ಇದನ್ನ ತಿಂದ ಕೋಳಿ ಇವು. ಸಾಹೇಬ್ರಿಗೂ ಹೇಳ್ರಿ. ಬೇಕಂದ್ರ ರೊಕ್ಕ ಕೊಟ್ಟು ಒಯ್ರಿ," ಅಂದೆ.

ಅವನು ಉಗುಳುತ್ತ ಹೊಳೆ ಕಡೆ ಹೋದ. ಸಾಹೇಬರ ಊಟಕ್ಕೆ ಬೇರೆ ಓಣಿಯಿಂದ ಕೋಳಿ ಹೋದವೆಂದು ಆಮೇಲೆ ಕೇಳಿದೆ.

ಅತ್ತೆ ತಾವೇ ನನ್ನ ಕೈಮೇಲೆ ನೀರು ಸುರಿದರು. "ನಿಮ್ಮಪ್ಪ ಎಲ್ಲಿಂದ ತಂದ್ರೋ ನಿನಗೇನ ಗೊತ್ತು, ಕೂಸಿದ್ದಿ," ಎಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅಪ್ಪ ನನ್ನನ್ನು ನೋಡಲು ಬಂದ. ಬೀಗರು ಬಂದಿದ್ದಾರೆಂದು ಅತ್ತೆ ಕೋಳಿ ಕೊಯ್ಯಲು ಹೊರಟರು. ನಾನು ಬೇಡವೆಂದೆ. ಸಜ್ಜೆ ರೊಟ್ಟಿ, ಪುಂಡಿಪಲ್ಯ ಬಡಿಸಿದೆ.

"ಹಿತ್ತಲದಾಗ ಇಷ್ಟು ಕೋಳಿ ಅದಾವಲ್ಲ ಮಗಳ," ಎಂದ ಅಪ್ಪ, ನಗುತ್ತ.

"ನಿಮ್ಮ ಕಚೇರಿ ಜವಾನ ಬಂದಿದ್ದ. ನಮ್ಮ ಮನಿಗೆ ಕೋಳಿ ಎಲ್ಲಿಂದ ಬರತಿದ್ವು ಅಂತ ಹೇಳ್ಯಾನ."

ಅಪ್ಪನ ನಗು ನಿಂತಿತು. ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟ. ನಾನು ನೀರಿನ ತಂಬಿಗೆಯನ್ನು ಅವನ ಪಕ್ಕಕ್ಕಿಟ್ಟು ಒಳಗೆ ಹೋದೆ.