ಕಾಣೆಯಾದ ಹತ್ತು ಚಿತ್ರಗಳು

ಕಿವಿ ಕೇಳದ ಮಕ್ಕಳ ಆ ಶಾಲೆಯಲ್ಲಿ ಅವಳನ್ನು ಎಲ್ಲರೂ ಎಡಿಟಿಂಗ್ ಅಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ಐವತ್ತೊಂದು. ಹತ್ತೊಂಬತ್ತು ವರ್ಷ ಒಂದು ಸ್ಟುಡಿಯೊದಲ್ಲಿ ಕೂತು ಯಾರ್ಯಾರದೋ ಮದುವೆಗಳ ವಿಡಿಯೊ ಕತ್ತರಿಸಿ ಜೋಡಿಸಿದವಳು. ಜನ ತಮ್ಮ ಮದುವೆಯನ್ನು ತಾವೇ ಫೋನಿನಲ್ಲಿ ಹಿಡಿದುಕೊಳ್ಳತೊಡಗಿದ ಮೇಲೆ ಸ್ಟುಡಿಯೊ ಬಾಗಿಲು ಮುಚ್ಚಿತು. ಅಕ್ಕ ತನ್ನ ಕಂಪ್ಯೂಟರನ್ನು ಆಟೊದಲ್ಲಿ ಹಾಕಿಕೊಂಡು ಬಂದು ಈ ಶಾಲೆಯ ಸೀಮೆಸುಣ್ಣದ ಡಬ್ಬಗಳನ್ನಿಡುವ ಕೋಣೆಯಲ್ಲಿ ಇಟ್ಟಳು. ಕರೆಸಿಕೊಂಡವಳು ಅವಳ ತಂಗಿ, ಅಲ್ಲಿಯ ಟೀಚರು.

ತಂಗಿ ಎಂಟು ವರ್ಷ ಚಿಕ್ಕವಳು, ಹುಟ್ಟಿನಿಂದಲೇ ಕಿವಿ ಕೇಳದು. ಚಿಕ್ಕಂದಿನಲ್ಲಿ ತಂಗಿಗೆ ಮಾತು ಕಲಿಸುತ್ತೇನೆಂದು ಹಟ ಹಿಡಿದು ಕೂತ ಅಕ್ಕ ಕೊನೆಗೆ ತಾನೇ ಸನ್ನೆ ಕಲಿತು ಎದ್ದಿದ್ದಳು. ಈಗ ಇಬ್ಬರೂ ಸೇರಿ ಪಾಠದ ವಿಡಿಯೊ ಮಾಡುತ್ತಿದ್ದರು. ನೀಲಿ ಪರದೆಯ ಮುಂದೆ ನಿಂತು ತಂಗಿ ಸನ್ನೆ ಭಾಷೆಯಲ್ಲಿ ಪಾಠ ಹೇಳುವುದು, ಅಕ್ಕ ಅದನ್ನು ಚಿತ್ರೀಕರಿಸಿ, ಕತ್ತರಿಸಿ, ಮೇಲೆ ತನ್ನ ದನಿ ಸೇರಿಸುವುದು. ದನಿ ಮಕ್ಕಳಿಗಲ್ಲ; ಜೊತೆಯಲ್ಲಿ ಕೂತು ನೋಡುವ ಅಪ್ಪ ಅಮ್ಮಂದಿರಿಗೆ.

ತೊಂದರೆ ಶುರುವಾದದ್ದು ಎಡಿಟಿಂಗ್ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದ ಮೇಲೆ. ನೋಡಲು ಲಕ್ಷಣವಾಗಿತ್ತು, ಆದರೆ ಕೆಲಸದ ನಡುವೆ ಹೇಳದೆ ಕೇಳದೆ ಮುಚ್ಚಿಕೊಂಡುಬಿಡುತ್ತಿತ್ತು. ಅಕ್ಕ ಮತ್ತೆ ತೆರೆಯುವಳು, ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಹಿಡಿಯುವಳು. ಕಂಪನಿಗೆ ಎರಡು ಸಲ ಬರೆದಳು. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದು ಒಂದು ಉತ್ತರ ಬಂತು. ‘ನಿಮ್ಮ ಕಂಪ್ಯೂಟರ್ ಹಳೆಯದು, ಬದಲಾಯಿಸಿ ನೋಡಿ’ ಎಂದು ಇನ್ನೊಂದು.

“ನನ್ನನ್ನೂ ಬದಲಾಯಿಸಿ ನೋಡಿ ಅಂತ ಬರೀಲಿಲ್ವಲ್ಲ, ಪುಣ್ಯ” ಎಂದು ಗಂಡನ ಹತ್ತಿರ ಹೇಳಿ ನಕ್ಕು ಸುಮ್ಮನಾದಳು.

ಸುಮ್ಮನಿರಲಾಗದ ದಿನವೂ ಬಂತು. ಔಷಧಿಯನ್ನು ಹೇಗೆ ತೆಗೆದುಕೊಳ್ಳಬೇಕು ಎಂಬ ಪಾಠವನ್ನು ತರಗತಿಯಲ್ಲಿ ತೋರಿಸುತ್ತಿದ್ದಾಗ ಮಕ್ಕಳು ಗೊಳ್ಳೆಂದು ನಕ್ಕರು. ಆ ಶಾಲೆಯ ಸನ್ನೆಯಲ್ಲಿ ಬೆರಳು ಗಲ್ಲಕ್ಕೆ ಒಂದು ಸಲ ತಾಗಿದರೆ ಸಿಹಿ, ಎರಡು ಸಲ ತಾಗಿದರೆ ಔಷಧಿ. ಪರದೆಯ ಮೇಲಿನ ಟೀಚರು ಗಂಭೀರವಾಗಿ ನಿಂತು, ‘ಜ್ವರ ಬಂದರೆ ದಿನಕ್ಕೆ ಮೂರು ಸಲ ಸಿಹಿ ತಗೊಳ್ಳಿ’ ಎನ್ನುತ್ತಿದ್ದಳು.

ಮಕ್ಕಳಿಗೆ ಖುಷಿಯೋ ಖುಷಿ. ತಂಗಿಯೂ ಅವರ ಜೊತೆ ನಕ್ಕಳು. ಪಾಠ ಮುಗಿದ ಮೇಲೆ ಮಾತ್ರ ಕೋಣೆಗೆ ಬಂದು ಅಕ್ಕನ ಮುಂದೆ ಕೈ ಆಡಿಸಿದಳು. “ನಾನು ಎರಡು ಸಲ ಮುಟ್ಟಿದ್ದೆ. ಒಂದು ಎಲ್ಲಿ ಹೋಯ್ತು?”

ಅಕ್ಕ ಮೂಲ ವಿಡಿಯೊ ತೆಗೆದು ನೋಡಿದಳು. ಬೆರಳು ಎರಡು ಸಲ ತಾಗಿತ್ತು. ತಯಾರಾಗಿ ಹೊರಬಂದ ವಿಡಿಯೊದಲ್ಲಿ ಒಂದೇ ಸಲ. ಸೆಕೆಂಡಿಗೆ ಇಪ್ಪತ್ತೈದು ಚಿತ್ರಗಳು ಸಾಲಾಗಿ ಓಡಿದರೆ ಅದು ವಿಡಿಯೊ. ಒಂದೊಂದೇ ಎಣಿಸಿದಾಗ ಆ ಜಾಗದಲ್ಲಿ ಹತ್ತು ಚಿತ್ರಗಳು ಕಾಣೆಯಾಗಿದ್ದವು. ಅರ್ಧ ಸೆಕೆಂಡೂ ಅಲ್ಲ. ಅವಳ ದನಿ ಮಾತ್ರ ಎಲ್ಲಿಯೂ ತಡವರಿಸದೆ ಸಾಗಿತ್ತು. ಅದನ್ನೇ ಕೇಳುತ್ತಾ ಕೂತವಳಿಗೆ ಕೈ ಹಾರಿದ್ದು ಕಾಣಿಸಿರಲಿಲ್ಲ.

ಆವತ್ತು ಅಕ್ಕನಿಗೆ ಊಟ ಸೇರಲಿಲ್ಲ. ಇಲ್ಲಿಯವರೆಗೆ ಕಳಿಸಿದ ಪಾಠಗಳಲ್ಲಿ ಎಷ್ಟು ಕಡೆ ತಂಗಿಯ ಮಾತನ್ನು ಯಂತ್ರ ನುಂಗಿದೆಯೋ, ಯಾವ ಮನೆಯಲ್ಲಿ ಯಾವ ಮಗು ಏನೆಂದು ತಿಳಿದುಕೊಂಡಿದೆಯೋ ಎಂಬ ಯೋಚನೆ ತಲೆಗೆ ಹೊಕ್ಕಿತ್ತು.

ಅವಳ ಗಂಡ ಫ್ರಿಜ್ ರಿಪೇರಿ ಮಾಡುವವನು. ತಟ್ಟೆ ತೊಳೆದಿಡುತ್ತಾ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಹಾಕಿದ. “ಎಷ್ಟೊತ್ತಿಗೊಂದು ಸಲ ಹೀಗಾಗತ್ತೆ?”

“ಅದೇನು ಹೊತ್ತು ಗೊತ್ತು ನೋಡ್ಕೊಂಡು ಆಗತ್ತೇನ್ರೀ?”

“ನೋಡ್ಲಿಲ್ಲ ಅಂದ್ರೆ ಹೇಗೆ ಗೊತ್ತಾಗ್ಬೇಕು? ಫ್ರಿಜ್ ನಿಂತೋಗತ್ತೆ ಅಂತ ಯಾರಾದ್ರೂ ಫೋನ್ ಮಾಡಿದ್ರೆ ನಾನು ಮೊದಲು ಕೇಳೋದೇ ಅದು. ಸುಮ್‌ಸುಮ್ನೆ ನಿಲ್ಲೋದಕ್ಕೂ ಲೆಕ್ಕವಾಗಿ ನಿಲ್ಲೋದಕ್ಕೂ ರೋಗ ಬೇರೆ ಬೇರೆ.”

ಮರುದಿನ ಬೆಳಿಗ್ಗೆ ಅಕ್ಕ ತಂಗಿಯನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಇಪ್ಪತ್ತು ನಿಮಿಷದ ಪಾಠ. “ಎಲ್ಲಿ ಕೈ ಹಾರಿತು ಅನ್ಸತ್ತೋ ಅಲ್ಲಿ ಮೇಜು ತಟ್ಟು” ಎಂದು ಸನ್ನೆ ಮಾಡಿ, ತಾನು ಹಾಳೆ ಹಿಡಿದು ಪಕ್ಕದಲ್ಲಿ ಕೂತಳು. ತಂಗಿ ರೆಪ್ಪೆ ಬಡಿಯದೆ ನೋಡಿದಳು. ನಾಲ್ಕು ಸಲ ತಟ್ಟಿದಳು. ತಟ್ಟಿದಾಗಲೆಲ್ಲ ಅಕ್ಕ ನಿಮಿಷ, ಸೆಕೆಂಡು ಬರೆದುಕೊಂಡಳು. ಆಮೇಲೆ ಎಣಿಸಿ ನೋಡಿದರೆ ನಾಲ್ಕೂ ಕಡೆ ಚಿತ್ರಗಳು ಮಾಯ. ಅದೇ ಪಾಠವನ್ನು ಇನ್ನೊಂದು ಸಲ ತಯಾರಿಸಿದರು. ಮತ್ತೆ ನಾಲ್ಕು ತಟ್ಟು, ಆದರೆ ಬೇರೆ ಜಾಗಗಳಲ್ಲಿ.

ಅಕ್ಕ ಕೈ ಚೆಲ್ಲಿದಳು. ಒಂದೇ ಪಾಠ, ಒಂದೇ ಕಂಪ್ಯೂಟರು, ಜಾಗ ಮಾತ್ರ ಬೇರೆ. ಇದನ್ನು ಯಾರಿಗೆ ಹೇಳಿದರೆ ಯಾರು ನಂಬುತ್ತಾರೆ?

ತಂಗಿ ಹಾಳೆಯನ್ನು ಎಳೆದುಕೊಂಡಳು. ಗಣಿತವೂ ಅವಳದೇ ವಿಷಯ. ಎರಡು ಸಾಲುಗಳ ಮೇಲೂ ಬೆರಳಾಡಿಸಿ, “ಜಾಗ ಬೇರೆ, ಅಂತರ ಒಂದೇ” ಎಂದಳು. ಒಂದು ತಟ್ಟಿಗೂ ಮುಂದಿನ ತಟ್ಟಿಗೂ ನಡುವೆ ಎಲ್ಲ ಕಡೆಯೂ ಹೆಚ್ಚು ಕಡಿಮೆ ನಾಲ್ಕೂವರೆ ನಿಮಿಷ.

ಅಲ್ಲಿಂದ ಮುಂದಿನದು ಬರೀ ತಾಳ್ಮೆಯ ಕೆಲಸ. ಇಪ್ಪತ್ತು ನಿಮಿಷದ ಪಾಠ ಪೂರ್ತಿ ತಯಾರಾಗಿ ಹೊರಬರಲು ಅಕ್ಕನ ಕಂಪ್ಯೂಟರಿಗೆ ಮುಕ್ಕಾಲು ಗಂಟೆ ಬೇಕು. ವಿಡಿಯೊದ ನಾಲ್ಕೂವರೆ ನಿಮಿಷ ಎಂದರೆ ಗೋಡೆ ಗಡಿಯಾರದ ಹತ್ತು ನಿಮಿಷ. ಅವಳು ಕುರ್ಚಿಯನ್ನು ಪರದೆಗೆ ಅಂಟಿಸಿಕೊಂಡು ಕೂತು, ಆ ಮುಕ್ಕಾಲು ಗಂಟೆ ಕಣ್ಣು ಕೀಳದೆ ನೋಡಿದಳು. ಹತ್ತು ನಿಮಿಷಕ್ಕೊಮ್ಮೆ ಮೂಲೆಯಲ್ಲಿ ಪುಟ್ಟ ಅಕ್ಷರದಲ್ಲಿ ‘ಉಳಿಸಲಾಗುತ್ತಿದೆ’ ಎಂದು ಮಿಂಚಿ ಮರೆಯಾಗುತ್ತಿತ್ತು. ಕೆಲಸ ಕಳೆದುಹೋಗದಿರಲೆಂದು ಸಾಫ್ಟ್‌ವೇರು ತಾನಾಗಿಯೇ ಎಲ್ಲವನ್ನೂ ಉಳಿಸಿಕೊಳ್ಳುವ ಹೊತ್ತು ಅದು. ಆ ಹತ್ತು ನಿಮಿಷದ ಲೆಕ್ಕ ಸಾಫ್ಟ್‌ವೇರು ತೆರೆದ ಗಳಿಗೆಯಿಂದ; ಅದಕ್ಕೇ ಜಾಗ ಪ್ರತಿ ಸಲವೂ ಬೇರೆ. ಆ ಗಳಿಗೆಯಲ್ಲಿ ವಿಡಿಯೊ ತಯಾರಿಸುವುದನ್ನು ಬಿಟ್ಟು, ಹತ್ತು ಚಿತ್ರ ನುಂಗಿ, ಮತ್ತೆ ಮುಂದುವರಿಯುತ್ತಿತ್ತು. ಸರಿಯಾಗಿ ಅದೇ ಗಳಿಗೆಗೆ ಅವಳು ಬೇರೇನಾದರೂ ಒತ್ತಿದಳೋ, ಇಡೀ ಸಾಫ್ಟ್‌ವೇರೇ ಮುಚ್ಚಿಕೊಳ್ಳುತ್ತಿತ್ತು.

ಅಕ್ಕ ತನ್ನ ಪಾಡಿಗೆ ಒಂದು ದಾರಿ ಕಂಡುಕೊಂಡಳು. ವಿಡಿಯೊ ತಯಾರಾಗುವಷ್ಟು ಹೊತ್ತು ಉಳಿಸುವ ಏರ್ಪಾಟನ್ನು ನಿಲ್ಲಿಸಿಡುವುದು, ಮುಗಿದ ಮೇಲೆ ಮತ್ತೆ ಹಾಕುವುದು. ಹಳೆಯ ಪಾಠಗಳನ್ನೆಲ್ಲ ಹಾಗೆಯೇ ಹೊಸದಾಗಿ ತಯಾರಿಸಿ ಮನೆಮನೆಗೆ ಕಳಿಸಿದರು. ಅಲ್ಲಿಗೆ ಬಿಡಬಹುದಿತ್ತು. ಆದರೆ ಇದೇ ಸಾಫ್ಟ್‌ವೇರನ್ನು ನೆಚ್ಚಿಕೊಂಡು ಸನ್ನೆ ಪಾಠ ಮಾಡುವವರು ಇನ್ನೆಷ್ಟು ಕಡೆ ಇದ್ದಾರೋ ಎಂದು ತಂಗಿ ಬಿಡಲಿಲ್ಲ.

ಮೂರನೆಯ ಪತ್ರದಲ್ಲಿ ಅಕ್ಕ ಸಿಟ್ಟನ್ನು ಒಂದು ಅಕ್ಷರದಷ್ಟೂ ಸೇರಿಸಲಿಲ್ಲ. ಏನು ಮಾಡಿದೆ, ಏನಾಯಿತು, ಎಷ್ಟೆಷ್ಟು ಹೊತ್ತಿಗೆ ಆಯಿತು, ಅಷ್ಟೇ. ಕೊನೆಯಲ್ಲಿ ಔಷಧಿ ಸಿಹಿಯಾದ ಕಥೆಯನ್ನು ಎರಡು ಸಾಲಿನಲ್ಲಿ ಬರೆದಳು. ಆರನೆಯ ದಿನ ಕಂಪನಿಯ ಇಂಜಿನಿಯರ್ ಒಬ್ಬ, ವಿಡಿಯೊ ಕರೆಯಲ್ಲಿ ಮಾತಾಡಬಹುದೇ ಎಂದು ಕೇಳಿ ಬರೆದ.

ಕರೆ ಬಂದದ್ದು ಮಧ್ಯಾಹ್ನದ ಬಿಡುವಿನಲ್ಲಿ. ಇಂಜಿನಿಯರ್ ಮೂವತ್ತರ ಆಸುಪಾಸಿನವನು, ಹಿಂದಿನ ದಿನ ನಿದ್ದೆಗೆಟ್ಟವನ ಹಾಗೆ ಕಾಣುತ್ತಿದ್ದ. “ಮೇಡಂ, ನೀವು ಹೇಳಿದ ಹಾಗೇ ಮಾಡಿ ನೋಡ್ದೆ. ಹತ್ತಕ್ಕೆ ಹತ್ತೂ ಸಲ ಸಿಕ್ತು. ನಾವು ಎಂಟು ತಿಂಗಳಿಂದ ಹುಡುಕ್ತಾ ಇದ್ವಿ.”

“ಎಂಟು ತಿಂಗಳು ಯಾಕೆ ಸಿಗ್ಲಿಲ್ಲ?”

ಅವನು ಕತ್ತು ಕೆರೆದುಕೊಂಡ. “ನಾವು ಪರೀಕ್ಷೆ ಮಾಡೋದೆಲ್ಲ ನಾಲ್ಕು ನಿಮಿಷದ ವಿಡಿಯೊ ಇಟ್ಕೊಂಡು. ನಮ್ಮ ಕಂಪ್ಯೂಟರಲ್ಲಿ ಅದು ಒಂದು ನಿಮಿಷಕ್ಕೆ ಮುಗಿದೋಗತ್ತೆ. ಹತ್ತನೇ ನಿಮಿಷ ಬರೋದೇ ಇಲ್ಲ.”

“ಹಾಗಾದ್ರೆ ನನ್ನ ಕಂಪ್ಯೂಟರ್ ಹಳೇದಾಗಿದ್ದಕ್ಕೇ ರೋಗ ಸಿಕ್ಕಿದ್ದು ಅನ್ನಿ.”

“ಹೌದು ಮೇಡಂ” ಎಂದು ಅವನು ಒಪ್ಪಿಕೊಂಡ. “ಆ ಉತ್ತರ ಬರೆದೋನೂ ನಾನೇ. ತಪ್ಪಾಯ್ತು.”

ಅಕ್ಕ ನಕ್ಕು ಅದನ್ನು ಬದಿಗಿಟ್ಟಳು. ಆದರೆ ತಂಗಿ ಅವಳ ಮೊಣಕೈ ಹಿಡಿದು ಜಗ್ಗಿ ಏನೋ ಹೇಳಿದಳು. ಅಕ್ಕ ಒಂದು ಕ್ಷಣ ಹಿಂಜರಿದಳು. ಆಮೇಲೆ ಇದ್ದದ್ದನ್ನು ಇದ್ದ ಹಾಗೆಯೇ ದನಿಗೆ ತಂದಳು. “ನನ್ನ ತಂಗಿ ಹೇಳ್ತಿದಾಳೆ, ಹುಡುಕಿದ್ದು ನಾನು, ನೀವು ಮಾತಾಡ್ತಿರೋದು ಅಕ್ಕನ ಜೊತೆ ಅಂತ.”

ಇಂಜಿನಿಯರನ ಮುಖ ಕೆಂಪಾಯಿತು. ಅವನು ಕುರ್ಚಿ ಸರಿಸಿ ನೆಟ್ಟಗೆ ಕೂತು ತಂಗಿಯನ್ನೇ ನೋಡಿದ. “ಸಾರಿ ಟೀಚರ್. ಹತ್ತು ಫ್ರೇಮ್ ಹೋಗಿದ್ದು ನಿಮಗೆ ಕಣ್ಣಲ್ಲೇ ಹೇಗೆ ಗೊತ್ತಾಯ್ತು? ನಮ್ಮಲ್ಲಿ ಆರು ಜನ ನೋಡಿದೀವಿ, ಯಾರಿಗೂ ಕಾಣ್ಲಿಲ್ಲ.”

ತಂಗಿ ನಿಧಾನವಾಗಿ ಕೈ ಆಡಿಸಿದಳು, ಅಕ್ಕ ಹೇಳುತ್ತಾ ಹೋದಳು. “ಎದುರಿಗಿರೋರು ಮಾತಾಡ್ತಾ ಮಾತಾಡ್ತಾ ನಡುವೆ ಒಂದು ಪದ ನುಂಗಿದ್ರೆ ನಿಮ್ಮ ಕಿವಿಗೆ ಗೊತ್ತಾಗಲ್ವಾ? ಇದೂ ಹಾಗೇ.”

ಅವನು ಆ ಮಾತನ್ನು ಹಾಗೆಯೇ ಬರೆದುಕೊಂಡ.

ಎರಡು ತಿಂಗಳಿಗೆ ಹೊಸ ತಿದ್ದುಪಡಿ ಬಂತು. ಏನೇನು ಸರಿಪಡಿಸಿದ್ದೇವೆ ಎಂಬ ಉದ್ದ ಪಟ್ಟಿಯಲ್ಲಿ ಹದಿನೇಳನೆಯ ಸಾಲಿಗೆ ಒಂದು ವಾಕ್ಯ: ‘ದೀರ್ಘ ವಿಡಿಯೊ ತಯಾರಿಸುವಾಗ ಕೆಲವು ಚಿತ್ರಗಳು ಬಿಟ್ಟುಹೋಗುತ್ತಿದ್ದ ದೋಷ ನಿವಾರಿಸಲಾಗಿದೆ.’ ಯಾರ ಹೆಸರೂ ಇರಲಿಲ್ಲ. ಗಂಡ ಅದನ್ನು ಎರಡು ಸಲ ಓದಿಸಿಕೊಂಡು, “ನನ್ನ ಪ್ರಶ್ನೆಯ ಸುದ್ದಿಯೇ ಇಲ್ವಲ್ಲ” ಎಂದು ಮುಖ ಊದಿಸಿದ. ಅಕ್ಕ ಉಳಿಸುವ ಏರ್ಪಾಟನ್ನು ಹಾಕಿಯೇ ಒಂದು ಪಾಠ ತಯಾರಿಸಿ ತಂಗಿಯನ್ನು ಕೂರಿಸಿದಳು. ಇಪ್ಪತ್ತು ನಿಮಿಷ ಮುಗಿಯುವವರೆಗೂ ತಂಗಿಯ ಕೈ ಮಡಿಲಲ್ಲೇ ಇತ್ತು.

ಆಮೇಲೆ ಇಂಜಿನಿಯರ್ ಇನ್ನೊಮ್ಮೆ ಬರೆದ. ಹೊರಗೆ ಬಿಡುವ ಮುಂಚೆ ಹೊಸ ಆವೃತ್ತಿಗಳನ್ನು ಟೀಚರು ಪರೀಕ್ಷಿಸಿ ಕೊಡಬಹುದೇ ಎಂದು ಕೇಳಿದ್ದ. ತಂಗಿ ಒಂದು ಷರತ್ತು ಹಾಕಿದಳು. ಕಂಪನಿಗೆ ದೂರು ಕೊಡಬೇಕೆಂದರೆ ಅವರು ಕೊಟ್ಟ ನಮೂನೆ ತುಂಬಬೇಕಿತ್ತು, ಇಲ್ಲವೇ ಫೋನಿನಲ್ಲಿ ಮಾತಾಡಬೇಕಿತ್ತು. ತನಗೆ ಬರೆಯಲು ಬರುತ್ತದೆ, ಆದರೆ ತನ್ನ ಭಾಷೆ ಕೈಯಲ್ಲಿದೆ. ಸನ್ನೆಯಲ್ಲಿ ಹೇಳಿದ ವಿಡಿಯೊವನ್ನೂ ದೂರು ಎಂದು ತೆಗೆದುಕೊಳ್ಳುವುದಾದರೆ ಸರಿ ಎಂದಳು. ಕಂಪನಿ ಮೂರು ವಾರ ತೆಗೆದುಕೊಂಡು ಒಪ್ಪಿತು.

ಮೊದಲ ದೂರನ್ನು ಅವಳು ನೀಲಿ ಪರದೆಯ ಮುಂದೆ ನಿಂತು ಹೇಳಿದಳು. ಚಿತ್ರವನ್ನು ನಿಧಾನವಾಗಿ ಓಡಿಸಿದಾಗ ಬೆರಳುಗಳ ಅಂಚು ಮಸುಕಾಗುತ್ತದೆ ಎಂಬ ಬಗ್ಗೆ, ಪೂರ್ತಿ ಮೂರು ನಿಮಿಷ. ಅಕ್ಕ ಕತ್ತರಿಸಿ ಮುಗಿಸಿ, ಅಭ್ಯಾಸಬಲದಿಂದ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

ತಂಗಿ ಅವಳ ಕೈ ಮೇಲೆ ಕೈಯಿಟ್ಟು ತಡೆದಳು. “ದನಿ ಬೇಡ ಅಕ್ಕ. ಸನ್ನೆ ಗೊತ್ತಿರೋರನ್ನ ಕಂಪನಿಯವರೇ ಹುಡುಕ್ಕೊಳ್ಳಲಿ.”

ಅಕ್ಕನಿಗೆ ಒಂದಿಷ್ಟು ಬೇಜಾರಾಯಿತು. ನಾಲ್ಕು ದಶಕ ತಂಗಿಯ ದನಿಯಾಗಿದ್ದವಳು ಅವಳು. ಆದರೂ ಮೈಕನ್ನು ಪಕ್ಕಕ್ಕಿಟ್ಟು ವಿಡಿಯೊವನ್ನು ಇದ್ದಂತೆಯೇ ಕಳಿಸಿದಳು. ಒಂಬತ್ತನೆಯ ದಿನ ಕಂಪನಿಯಿಂದ ಉತ್ತರ ಬಂತು, ಅದೂ ವಿಡಿಯೊ. ಅದರಲ್ಲಿ ಯಾರೋ ಒಬ್ಬ ಹೆಂಗಸು, ಕಿಟಕಿಯ ಪಕ್ಕ ನಿಂತು, ಸ್ವಲ್ಪ ಬಿಗಿಯಾದ ಕೈಗಳಿಂದ ಸನ್ನೆಯಲ್ಲೇ ಮಾತಾಡುತ್ತಿದ್ದಳು. ತಂಗಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ನೋಡತೊಡಗಿದಳು. ಅಕ್ಕ ಎದ್ದು ಹೋಗಿ ಇಬ್ಬರಿಗೂ ಟೀ ತಂದಳು.