ನಾಲ್ಕು ಹೆಜ್ಜೆಯ ಬಿಳಿ ಮೊಟ್ಟೆ

ಕಾಲಲ್ಲಿ ತಾಳ ಹಾಕಬಾರದು ಎಂದು ನನಗೆ ಕಲಿಸಿದವರು ಯಲಹಂಕದ ನನ್ನ ಕೊಳಲಿನ ಗುರುಗಳು. ಹಾಕಿದವನ ಮೊಣಕಾಲಿಗೆ ಬೀಸಣಿಗೆಯ ಹಿಡಿಯಿಂದ ಒಂದು ಬೀಳುತ್ತಿತ್ತು, ಆ ಏಟೂ ತಾಳ ತಪ್ಪುತ್ತಿರಲಿಲ್ಲ. ಕೊಳಲು ಹಿಡಿದವನ ಎರಡೂ ಕೈ ತುಂಬಿರುತ್ತವಲ್ಲ, ತಾಳ ಎಲ್ಲಿ ಹಾಕುವುದು ಎಂದು ಒಮ್ಮೆ ಕೇಳಿದ್ದೆ. ಮನಸ್ಸಿನಲ್ಲಿ ಹಾಕು, ಸರಸ್ವತಿಯನ್ನು ಕಾಲಲ್ಲಿ ಒದೆಯಬೇಡ ಎಂದರು. ಹತ್ತು ವರ್ಷ ಹಾಗೇ ನಡೆದುಕೊಂಡೆ. ನನ್ನ ಮನಸ್ಸಿನ ತಾಳ ಸರಿಯಾಗಿತ್ತೋ ಇಲ್ಲವೋ, ಅದನ್ನು ನೋಡಿದವರು ಯಾರೂ ಇಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನೌಕರರದ್ದೇ ಒಂದು ಬ್ಯಾಂಡ್ ಇತ್ತು. ಅದರ ಕ್ಲಾರಿನೆಟ್ಟಿನವನಿಗೆ ಬೇರೆ ಊರಿಗೆ ವರ್ಗವಾದಾಗ, ನಾನು ಕೊಳಲು ಊದುತ್ತೇನೆ ಎಂದು ಯಾರೋ ಹೇಳಿಬಿಟ್ಟರು. ಊದುವುದೆಲ್ಲ ಒಂದೇ ಎಂಬುದು ಮೇಲಿನವರ ನಂಬಿಕೆ. ವಾರಕ್ಕೆ ಎರಡು ಮಧ್ಯಾಹ್ನ ಮೆಷಿನ್ ಬಿಟ್ಟು ಅಭ್ಯಾಸಕ್ಕೆ ಹೋಗಬಹುದು ಎಂದಾಗ ನನಗೂ ಅದು ಒಂದೇ ಅನ್ನಿಸಿತು.

ಬ್ಯಾಂಡ್ ಮಾಸ್ಟರು ಸೈನ್ಯದ ಬ್ಯಾಂಡಿನಿಂದ ನಿವೃತ್ತರಾದವರು. ಅರವತ್ತು ದಾಟಿದ್ದರೂ ಆರ್.ಟಿ. ನಗರದಿಂದ ಸೈಕಲ್ಲಿನಲ್ಲೇ ಬರುತ್ತಿದ್ದರು. ಮನೆಯಲ್ಲಿ ದಖನಿ ಉರ್ದು, ನಮ್ಮ ಹತ್ತಿರ ಕನ್ನಡ. ಇಸ್ತ್ರಿ ಮಾಡಿದ ಅಂಗಿ, ಅದಕ್ಕಿಂತ ಗರಿಗರಿಯಾದ ಮೀಸೆ. ಮೊದಲ ದಿನವೇ ಕ್ಲಾರಿನೆಟ್ಟನ್ನು ಕೈಗೆ ಕೊಟ್ಟು, ಐದು ಗೆರೆ ಎಳೆದ ಕಾಗದವನ್ನು ನನ್ನ ಮುಂದಿಟ್ಟರು. ಗೆರೆಗಳ ಮೇಲೆ ಇರುವೆ ಸಾಲುಗಟ್ಟಿದ ಹಾಗೆ ಸ್ವರಗಳು ಕೂತಿದ್ದವು.

ಇದೇನು ಮಹಾ ಎಂದುಕೊಂಡೆ. ನಮ್ಮ ಪುಸ್ತಕದಲ್ಲಿ 'ಸ' ಎಂದರೆ ಒಂದು ಎಣಿಕೆ, 'ಸಾ' ಎಂದರೆ ಎರಡು. ಆದರೆ ಇವರ ಕಾಗದದಲ್ಲಿ ಎಣಿಕೆ ಇದ್ದದ್ದು ಸ್ವರದ ಆಕಾರದಲ್ಲಿ. ಮಾಸ್ಟರು ನನ್ನನ್ನು ಸೈಕಲ್ ಸ್ಟ್ಯಾಂಡಿನ ಹಿಂದೆ ಕರೆದುಕೊಂಡು ಹೋಗಿ ನಡೆಸಿದರು. ಕಡ್ಡಿ ಇರುವ ಕಪ್ಪು ಮೊಟ್ಟೆಗೆ ಒಂದು ಹೆಜ್ಜೆ. ಕಡ್ಡಿ ಇರುವ ಬಿಳಿ ಮೊಟ್ಟೆಗೆ ಎರಡು. ಕಡ್ಡಿಯೇ ಇಲ್ಲದ ಬಿಳಿ ಮೊಟ್ಟೆಗೆ ನಾಲ್ಕು ಹೆಜ್ಜೆ, ಅಷ್ಟೂ ಹೊತ್ತು ಉಸಿರು ನಿಲ್ಲಬಾರದು. ಕಪ್ಪು ಮೊಟ್ಟೆಯ ಕಡ್ಡಿಗೆ ಬಾಲ ಬಂದರೆ ಅರ್ಧ ಹೆಜ್ಜೆ, ಅಂದರೆ ಓಟ. ಪಾಠ ಮನೆಯಲ್ಲೂ ಮುಂದುವರಿಯಿತು. ನಾನು ಬಿಳಿ ಮೊಟ್ಟೆ, ಕಪ್ಪು ಮೊಟ್ಟೆ ಎನ್ನುತ್ತ ಹಜಾರದಲ್ಲಿ ಅಳತೆ ಹಾಕಿ ನಡೆಯುವುದನ್ನು ನೋಡಿದ ಅಮ್ಮ, ಕ್ಯಾಂಟೀನಿನಲ್ಲಿ ಏನು ತಿನ್ನುತ್ತಿದ್ದೀಯ ಎಂದು ಎರಡು ದಿನ ವಿಚಾರಣೆ ನಡೆಸಿದಳು.

ನಡೆಯುವಾಗ ಸರಿ ಬರುತ್ತಿದ್ದದ್ದು ಊದುವಾಗ ಕೈ ಕೊಡುತ್ತಿತ್ತು. ನಾಲ್ಕು ಎಣಿಕೆಯ ಸ್ವರವನ್ನು ಬೋಳಾಗಿ ಬಿಡಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ಸ್ವಲ್ಪ ಅಲುಗಿಸುತ್ತಿದ್ದೆ, ಸ್ವಲ್ಪ ಜಾರಿಸುತ್ತಿದ್ದೆ. ಉಸಿರು ಚೆನ್ನಾಗಿದ್ದ ದಿನ ನಾಲ್ಕು ಐದಾಗುತ್ತಿತ್ತು. ಅದೂ ಕಣ್ಣು ಮುಚ್ಚಿಕೊಂಡು, ಸಂಗೀತ ಕಚೇರಿಯಲ್ಲಿ ಕೂತವನ ಹಾಗೆ. ಬೇಸ್ ಡ್ರಮ್ಮಿನವನು ನನಗೆ ಭಾಗವತರು ಎಂದೇ ಹೆಸರಿಟ್ಟಿದ್ದ.

ಮಾಸ್ಟರು ಎಲ್ಲರಿಗೂ ಬಲಗಾಲಿನ ತುದಿಯಲ್ಲಿ ಎಣಿಕೆ ಹಾಕಲು ಹೇಳುತ್ತಿದ್ದರು. ನಾನೊಬ್ಬ ಹಾಕುತ್ತಿರಲಿಲ್ಲ. ಕಾಲು ಎಲ್ಲಿ ಎಂದು ಎರಡು ಸಲ ಕೇಳಿದರು. ಗುರುಗಳ ಅಪ್ಪಣೆಯಿಲ್ಲ ಎಂದು ಎದೆಯುಬ್ಬಿಸಿ ಹೇಳಿದೆ. ಬೈಯುತ್ತಾರೆ ಎಂದುಕೊಂಡರೆ, ಗುರು ಹೇಳಿದ್ದರೆ ಸರಿ ಎಂದು ತಲೆಯಾಡಿಸಿ ಮತ್ತೆ ಆ ಮಾತೇ ಎತ್ತಲಿಲ್ಲ. ಗೆದ್ದೆ ಎಂದು ಬೀಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ವರ್ಷ ಆಗಸ್ಟ್ ಹದಿನೈದಕ್ಕೆ ಮಾಸ್ಟರು ಒಂದು ಹೊಸ ನಡಿಗೆಯ ಮಟ್ಟು ಬರೆದಿದ್ದರು. ಅದರ ನಡುವೆ ಡ್ರಮ್ಮು, ತುತ್ತೂರಿ ಎಲ್ಲ ನಿಂತು ನಾನೊಬ್ಬನೇ ಕಡ್ಡಿಯಿಲ್ಲದ ನಾಲ್ಕು ಬಿಳಿ ಮೊಟ್ಟೆ ಊದಬೇಕು. ಹದಿನಾರು ಎಣಿಕೆ. ಹದಿನೇಳನೆಯದಕ್ಕೆ ಮಾಸ್ಟರ ಕೋಲು ಇಳಿದು ಎಲ್ಲರೂ ಸೇರಬೇಕು. ನಾನು ಈ ಸುದ್ದಿಯನ್ನು, ಇನ್ನೂ ಪಾಠಕ್ಕೆ ಹೋಗುತ್ತಿದ್ದ ಯಲಹಂಕದವರೆಗೂ ಮುಟ್ಟಿಸಿ, ಗುರುಗಳನ್ನು ಸಮಾರಂಭಕ್ಕೆ ಕರೆದೂ ಬಂದಿದ್ದೆ.

ಕೊನೆಯ ಅಭ್ಯಾಸದ ದಿನ ಎಲ್ಲ ಕೆಟ್ಟಿತು. ಮೊದಲ ಸಲ ನಾನಿನ್ನೂ ನಾಲ್ಕನೇ ಮೊಟ್ಟೆಯ ಮೇಲೆ ಕೂತಿದ್ದಾಗಲೇ ಕೋಲು ಇಳಿದು ಬ್ಯಾಂಡ್ ನನ್ನ ಮೇಲೆ ಬಿತ್ತು. ಎರಡನೇ ಸಲ ನಾನು ಮುಗಿಸಿ ಕಣ್ಣು ಬಿಟ್ಟರೂ ಕೋಲು ಮೇಲೆಯೇ ಇತ್ತು. ಸದ್ದಿಲ್ಲ. ಮಾಸ್ಟರು ನನ್ನ ಬೆರಳುಗಳನ್ನೇ ನೋಡುತ್ತ ನಿಂತಿದ್ದರು. ಅಲ್ಲಿಗೆ ಬಂದಿದ್ದ ಹೊಸ ಅಧಿಕಾರಿ ಇದನ್ನು ನೋಡಿ, ನಾಳೆಯೂ ಹೀಗೇ ಆದರೆ ಮುಂದಿನ ವರ್ಷದಿಂದ ಟೇಪ್ ರೆಕಾರ್ಡರ್ ಹಾಕೋಣ, ಮಾಸ್ಟರಿಗೂ ವಯಸ್ಸಾಯಿತು ಎಂದು ಎಲ್ಲರ ಎದುರಿಗೇ ಹೇಳಿ ಹೋದರು.

ತಪ್ಪು ನನ್ನದಲ್ಲ ಎಂದು ಜಗಳವಾಡುವುದಕ್ಕೇ ಅಂದು ಸಂಜೆ ಆರ್.ಟಿ. ನಗರಕ್ಕೆ ಹೋದೆ. ಮಾಸ್ಟರು ಬಾಗಿಲಿಗೆ ಬೆನ್ನು ಹಾಕಿ ಮಂಚದ ಮೇಲೆ ಕೂತು ಟೋಪಿಯ ಹಿತ್ತಾಳೆ ಬಿಲ್ಲೆಯನ್ನು ಉಜ್ಜುತ್ತಿದ್ದರು. ಮಾಸ್ಟರ್ ಎಂದು ಮೂರು ಸಲ ಕರೆದೆ, ತಿರುಗಲಿಲ್ಲ. ಒಳಗಿಂದ ಅವರ ಹೆಂಡತಿ ಬಂದು ಮಂಚದ ಕಾಲಿಗೆ ಪಾದದಿಂದ ಎರಡು ಸಲ ತಟ್ಟಿದರು. ಮಾಸ್ಟರು ತಕ್ಷಣ ತಿರುಗಿ, ಬಾ ಬಾ ಎಂದು ನಕ್ಕರು. ನಾನು ಜಗಳ ಮರೆತು ನಿಂತೆ. ಅವರು ಕುರ್ಚಿ ತರಲು ಒಳಗೆ ಹೋದಾಗ ಆಯಮ್ಮ ಹೇಳಿದರು: "ಅವ್ರಿಗೆ ಎರಡು ವರ್ಷದಿಂದ ಕಿವಿ ಕೇಳಲ್ಲ. ಮಾತು ತುಟಿ ನೋಡಿ ಹಿಡೀತಾರೆ. ಡ್ರಮ್ ಹೊಡೆದ್ರೆ ಎದೇಲಿ ಗೊತ್ತಾಗುತ್ತೆ. ಮಿಕ್ಕಿದ್ದೆಲ್ಲ ನಿಮ್ ಕಾಲು ನೋಡ್ಕೊಂಡೇ ನಡೆಸೋದು. ಫ್ಯಾಕ್ಟರೀಲಿ ಹೇಳ್ಬೇಡಿ. ಬ್ಯಾಂಡ್ ಹೋದ್ರೆ ಅವ್ರು ಬದುಕಲ್ಲ."

ನಾನು ಊದುವಾಗ ಡ್ರಮ್ಮಿಲ್ಲ. ಉದ್ದ ಸ್ವರದಲ್ಲಿ ಬೆರಳು ಅಲುಗುವುದಿಲ್ಲ. ನನ್ನ ಕಾಲಂತೂ ಶಾಸ್ತ್ರಬದ್ಧವಾಗಿ ಸುಮ್ಮನಿರುತ್ತದೆ. ನಾನು ಎಷ್ಟು ಸರಿಯಾಗಿ ಎಣಿಸಿದರೂ ಅದು ಅವರಿಗೆ ಕಾಣುವುದಿಲ್ಲ. ಇಷ್ಟಾಗಿಯೂ ಅವರು ಎಂದೂ ನೋಡದ ನನ್ನ ಗುರುಗಳ ಮಾತಿಗೆ ಬೆಲೆ ಕೊಟ್ಟು ಸುಮ್ಮನಿದ್ದರು. ಜಗಳದ ಮಾತೆತ್ತದೆ ಕೊಟ್ಟ ಚಹಾ ಕುಡಿದು ಎದ್ದೆ.

ಮರುದಿನ ಧ್ವಜ ಏರಿತು, ಬ್ಯಾಂಡ್ ಶುರುವಾಯಿತು. ಮುಂದಿನ ಸಾಲಿನ ಮಡಿಸುವ ಕುರ್ಚಿಯಲ್ಲಿ, ಅಧಿಕಾರಿಯ ಪಕ್ಕದಲ್ಲೇ, ಉತ್ತರೀಯ ಹೊದ್ದ ಗುರುಗಳು ಕೂತಿದ್ದರು. ಅವರ ಕೈ ಆಗಲೇ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಡ್ರಮ್ಮು ನಿಂತಿತು. ನಾನು ಕಣ್ಣು ಬಿಟ್ಟುಕೊಂಡು ಮೊದಲ ಮೊಟ್ಟೆಗೆ ಉಸಿರು ಕೊಟ್ಟೆ, ಬೂಟಿನ ತುದಿ ಎತ್ತಿ ನೆಲಕ್ಕೆ ಹಾಕಿದೆ. ಒಂದು, ಎರಡು, ಮೂರು, ನಾಲ್ಕು. ಮಾಸ್ಟರ ಕಣ್ಣು ನನ್ನ ಬೆರಳಿನಿಂದ ಬೂಟಿಗೆ ಇಳಿದು ಅಲ್ಲೇ ನಿಂತಿತು. ಗುರುಗಳ ಕಣ್ಣೂ ಅಲ್ಲಿಗೇ ಬಂತು, ತೊಡೆಯ ಮೇಲಿನ ಕೈ ನಿಂತುಹೋಯಿತು. ಹೆದರಿಕೆಗೆ ಮೂರನೇ ಮೊಟ್ಟೆಯಲ್ಲಿ ಉಸಿರು ನಡುಗಿತು. ಕಾಲು ಮಾತ್ರ ನಿಲ್ಲಿಸಲಿಲ್ಲ. ಹದಿನಾರು ಮುಗಿಯಿತು, ಕೋಲು ಇಳಿಯಿತು, ಇಡೀ ಬ್ಯಾಂಡ್ ಒಂದೇ ಏಟಿಗೆ ಸೇರಿಕೊಂಡಿತು. ಅಧಿಕಾರಿ ಚಪ್ಪಾಳೆ ತಟ್ಟಿದರು. ಮಾಸ್ಟರ ಮೀಸೆ ಅದುರುತ್ತಿತ್ತು.

ಲಡ್ಡು ಹಂಚುವ ಗಲಾಟೆಯಲ್ಲಿ ಗುರುಗಳು ನನ್ನ ಎದುರಿಗೆ ಬಂದು ನಿಂತು ಬೂಟನ್ನೇ ನೋಡಿದರು. ಕಾರ್ಖಾನೆಯಲ್ಲಿ ಹೇಳಬಾರದು ಎಂದಷ್ಟೇ ಆಯಮ್ಮ ಹೇಳಿದ್ದು, ಗುರುಗಳು ಕಾರ್ಖಾನೆಯವರಲ್ಲ ಎಂದು ನನಗೆ ನಾನೇ ಹೇಳಿಕೊಂಡು ಎಲ್ಲವನ್ನೂ ಒಂದೇ ಉಸಿರಿಗೆ ಪಿಸುಗುಟ್ಟಿದೆ. ಅವರು ದೂರದಲ್ಲಿ ಹುಡುಗರಿಂದ ಕಾಗದಗಳನ್ನು ವಾಪಸು ಪಡೆದು ಜೋಡಿಸುತ್ತಿದ್ದ ಮಾಸ್ಟರ ಕಡೆ ತಿರುಗಿ ನೋಡಿದರು. ಮೊಣಕಾಲಿಗೆ ಏಟು ಖಾತ್ರಿ ಎಂದು ನಾನು ಕಾಯುತ್ತಿದ್ದೆ.

"ಮೂರನೇ ಸ್ವರಕ್ಕೆ ನಿನ್ನ ಕಾಲು ಓಡ್ತು ಕಣೋ" ಎಂದರು. "ಅವ್ರು ಅದನ್ನೇ ನಂಬ್ಕೊಂಡು ನಿಂತಿದ್ರು. ಹಾಕೋದಾದ್ರೆ ಸರಿಯಾಗಿ ಹಾಕು. ನಾಳೆಯಿಂದ ಪಾಠಕ್ಕೆ ಬೂಟು ಹಾಕ್ಕೊಂಡು ಬಾ."