ಮಾವನ ಕೋಣೆಯ ಪ್ರಿಂಟರ್

ವಿಷ್ಣುತೀರ್ಥರು ಸರಕಾರಿ ಕಚೇರಿಯೊಂದರಲ್ಲಿ ಮೂವತ್ನಾಲ್ಕು ವರ್ಷ ಬೇರೆಯವರು ಬರೆದದ್ದನ್ನು ತಿದ್ದುತ್ತ ಕಳೆದವರು. ಕಾಗುಣಿತ, ತಾರೀಖು, ಅಲ್ಪವಿರಾಮ, ಅಷ್ಟೇ. ಕಡತದಲ್ಲಿ ತಮ್ಮ ಅಭಿಪ್ರಾಯವೆಂದು ಒಂದು ಸಾಲನ್ನೂ ಬರೆದವರಲ್ಲ. ಮನೆಯಲ್ಲೂ ಅದೇ ಕತೆ. ಚೆನ್ನೈನ ವೆಸ್ಟ್ ಮಾಂಬಲಂನ ಆ ಫ್ಲಾಟಿನಲ್ಲಿ ಮಾತೆಲ್ಲ ಹೆಂಡತಿ ಗೋದಾಬಾಯಿಯವರದು. ನಿವೃತ್ತರಾದ ಮೇಲೂ ಇವರು ಕೆಂಪು ಪೆನ್ಸಿಲ್ ಬಿಟ್ಟಿರಲಿಲ್ಲ. ಮದುವೆಯ ಕರೆಯೋಲೆ ಬಂದರೂ ತಪ್ಪು ತಿದ್ದಿಯೇ ಕಪಾಟಿಗೆ ಸೇರಿಸುತ್ತಿದ್ದರು.

೨೦೦೪ರಲ್ಲಿ ಮಗ ಗುರುಚರಣ ಹೊಸ ಕಂಪ್ಯೂಟರ್ ತಂದು ಹಾಲಿನಲ್ಲಿಟ್ಟ. ಹಳೆಯದು ಪ್ರಿಂಟರ್ ಸಮೇತ ಅಪ್ಪನ ಕೋಣೆಗೆ ಹೋಯಿತು. ಬಾಗಿಲುಗಳ ಮೇಲೆ ನೀಲಿ ಕೇಬಲ್ ಎಳೆದು ಎರಡನ್ನೂ ಸೇರಿಸಿದ. ಹಾಲಿನಿಂದಲೂ ಪ್ರಿಂಟ್ ಕೊಡಬಹುದಾಯಿತು. ಆದರೆ ಅಪ್ಪನ ಕಂಪ್ಯೂಟರ್ ಆನ್ ಆಗಿರಬೇಕು, ಹಾಳೆ ಬೀಳುವುದೂ ಅಪ್ಪನ ಕೋಣೆಯಲ್ಲೇ.

ಸೊಸೆ ತೃಪ್ತಿಗೆ ಅದೇ ಫಜೀತಿ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಲ್ಯಾಬೊಂದರಲ್ಲಿದ್ದವಳು ಕೌಶಿಕ್ ಹುಟ್ಟಿದಾಗ ಕೆಲಸ ಬಿಟ್ಟಿದ್ದಳು. ಹೋದ ವರ್ಷ ಮತ್ತೆ ಕೆಲಸಕ್ಕೆ ಹೋಗುವ ಮಾತೆತ್ತಿದಾಗ ಗೋದಾಬಾಯಿ, “ಮಗೂನ ಸ್ಕೂಲಿಂದ ಯಾರು ಕರ್ಕೊಂಡು ಬರೋದು? ನನ್ನ ಮಂಡಿಗೆ ಮೆಟ್ಟಿಲೇ ಆಗಲ್ಲ” ಅಂದಿದ್ದರು. ಮಾತು ಅಲ್ಲಿಗೇ ನಿಂತಿತು. ವಿಷ್ಣುತೀರ್ಥರು ಎದುರಿಗೇ ಪೇಪರ್ ಓದುತ್ತಿದ್ದರು. ಅವರನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ಪಲ್ಲಾವರಂನ ಔಷಧ ಕಂಪನಿಯೊಂದು ಜನ ಬೇಕೆಂದು ಜಾಹೀರಾತು ಕೊಟ್ಟಿತ್ತು. ತೃಪ್ತಿ ಯಾರಿಗೂ ಹೇಳದೆ ಅರ್ಜಿ ಟೈಪ್ ಮಾಡಿದಳು. ಒಂಬತ್ತಕ್ಕೆ ಮಡಿಯುಟ್ಟು ಪೂಜೆಗೆ ಕೂತರೆ ಮಾವ ಹತ್ತೂವರೆಯವರೆಗೆ ಏಳುವವರಲ್ಲ. ಅದೂ ಅವತ್ತು ಏಕಾದಶಿ, ಅಡುಗೆಯಿಲ್ಲ, ಕೈ ಬಿಡುವು. ಅವರ ಕಂಪ್ಯೂಟರ್ ಆನ್ ಮಾಡಿ ಬಂದು ಹಾಲಿನಿಂದ ಪ್ರಿಂಟ್ ಕೊಟ್ಟಳು. ನೈವೇದ್ಯವಿಲ್ಲದ ದಿನ ಪೂಜೆಯೂ ಬೇಗ ಮುಗಿಯುತ್ತದೆ ಎಂಬುದನ್ನು ಮಾತ್ರ ಅವಳು ಮರೆತಿದ್ದಳು.

ವಿಷ್ಣುತೀರ್ಥರು ಕೋಣೆಗೆ ಬಂದಾಗ ಹಾಳೆ ಹೊರಬರುತ್ತಿತ್ತು. ಕೈ ತಾನಾಗಿ ಪೆನ್ಸಿಲ್ ಎತ್ತಿಕೊಂಡಿತು. ಎರಡು ಕಾಗುಣಿತ ತಿದ್ದಿದ ಮೇಲೆ ತಾವು ಓದುತ್ತಿರುವುದು ಏನೆಂದು ಗೊತ್ತಾಯಿತು. ಅಲ್ಲಿಗೇ ಕೆಳಗಿಡಬೇಕಿತ್ತು, ಇಡಲಿಲ್ಲ. ಕೊನೆಯಲ್ಲಿ, ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಮಾತ್ರ ಬರಬಲ್ಲೆ ಎಂದಿತ್ತು. ಮೂರಕ್ಕೆ ಕೌಶಿಕನ ಸ್ಕೂಲು ಬಿಡುತ್ತದೆ. ಇಂಥ ಅರ್ಜಿಗಳ ಗತಿ ಏನೆಂದು ಅವರಿಗೆ ಗೊತ್ತಿತ್ತು. ಎಷ್ಟನ್ನೋ ಕಟ್ಟಿ ಬದಿಗಿಟ್ಟವರು ಅವರೇ. ನಾಚಿಕೆಯಾಯಿತು. ಆ ಸಾಲನ್ನು ಹೊಡೆದುಹಾಕಿ, ಮೇಲೆ ಪೂರ್ತಿ ದಿನ ಎಂದು ಬರೆದರು.

“ಮಾವ, ಅದು ನಂದು.” ತೃಪ್ತಿ ಬಾಗಿಲಲ್ಲಿ ನಿಂತಿದ್ದಳು.

“ಗೊತ್ತಮ್ಮ. ಓದ್ಬಾರದಾಗಿತ್ತು, ಓದ್ಬಿಟ್ಟೆ.”

ಅವಳು ಹಾಳೆ ತೆಗೆದುಕೊಂಡಳು. ಸಿಟ್ಟು ಬಂದಿತ್ತು. ಕೆಂಪು ಅಕ್ಷರ ಕಂಡಾಗ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

“ಪೂರ್ತಿ ದಿನ ಅಂದ್ರೆ ಕೌಶಿಕ್?”



ಮಧ್ಯಾಹ್ನ ಎರಡೂವರೆಗೆ ವಿಷ್ಣುತೀರ್ಥರು ಚಪ್ಪಲಿ ಮೆಟ್ಟಿದರು. ಗೋದಾಬಾಯಿ ಹಾಲಿನಲ್ಲೇ ಕೂತಿದ್ದರು.

“ಈ ಸುಡೋ ವೆಯಿಲಲ್ಲಿ ಎಲ್ಲಿಗೆ? ಉಪವಾಸ ಬೇರೆ.”

“ಕೌಶಿಕನ್ನ ಕರ್ಕೊಂಡು ಬರೋಕೆ.”

“ತೃಪ್ತಿ ಇಲ್ವಾ?”

“ಇದಾಳೆ. ಪಲ್ಲಾವರಂನಲ್ಲಿ ಕೆಲಸಕ್ಕೆ ಅರ್ಜಿ ಹಾಕ್ತಿದಾಳೆ, ಪೂರ್ತಿ ದಿನದ್ದು. ಇನ್ಮೇಲೆ ನಾನೇ ಹೋಗೋದು.”

ಗೋದಾಬಾಯಿ ಗಂಡನನ್ನೂ ಸೊಸೆಯನ್ನೂ ನೋಡಿದರು. ಕಂಪ್ಯೂಟರಿನ ಮುಂದಿದ್ದ ತೃಪ್ತಿ ಕೀಬೋರ್ಡಿನಿಂದ ಕೈ ತೆಗೆಯಲಿಲ್ಲ. ಯಾರಾದರೂ ಏನಾದರೂ ಹೇಳುವ ಮೊದಲೇ ವಿಷ್ಣುತೀರ್ಥರು ಮೆಟ್ಟಿಲಿಳಿಯತೊಡಗಿದ್ದರು. ಅರ್ಧ ಇಳಿದಾಗ ಹೆಜ್ಜೆ ನಿಂತಿತು. ಕೆಳಗಿನಿಂದ ದನಿ ಬಂತು.

“ತೃಪ್ತಿ, ಮಗು ಯಾವ ಗೇಟಲ್ಲಿ ಬರತ್ತಮ್ಮ? ನಾನು ಒಂದ್ಸಲವೂ ಹೋಗಿಲ್ಲ.”